ಗ ಇಲ್ಲದ ಹಗಲು

ಮೀನು ಕಾರ್ಖಾನೆಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರು
ಅಡುಗೆಮನೆಯ ಗೋಡೆಗೆ, ಒಲೆಯ ಪಕ್ಕ.
ಹಾಳೆಗೊಂದು ದಿನ. ಬೆಳಿಗ್ಗೆ ಹರಿಯುವ ಕೆಲಸ ಅಪ್ಪನದು.
ಹರಿದದ್ದರ ಬೆನ್ನ ಮೇಲೆ ಅಂಗಡಿಯ ಪಟ್ಟಿ ಬರೆಯುವುದು
ಅಮ್ಮನದು.

ಅಪ್ಪ ಕೇಟಿಲ್ ಈ ಐಸ್‌ಲ್ಯಾಂಡ್ ಕೊಲ್ಲಿಯವನೇ.
ದಿನಕ್ಕೆ ಅವನು ದಾಗುರ್ ಅನ್ನುತ್ತಿದ್ದ,
ನಡುವಿನ ಗ ಅನ್ನು ಗಂಟಲಲ್ಲೇ ತುಸು ಉಜ್ಜಿ,
ದೋಣಿಯ ತಳ ಮರಳಿಗೆ ತಾಗಿದ ಹಾಗೆ.
ಅಮ್ಮ ಸುನ್ವಾ ಫಾರೋ ದ್ವೀಪದವಳು,
ಹೆರಿಂಗ್ ಮೀನಿಗೆ ಉಪ್ಪು ಹಾಕಲು
ಒಂದೇ ಒಂದು ಬೇಸಿಗೆಗೆಂದು ಬಂದವಳು.
ಅವಳ ಬಾಯಲ್ಲಿ ಅದೇ ಮಾತು ದೇಅವುರ್.
ಗ ಇಲ್ಲ. ಅದಿದ್ದ ಜಾಗದಲ್ಲಿ ಗಾಳಿ.

ಬರೆದರೆ ಎರಡೂ ಒಂದೇ, ಅಕ್ಷರಕ್ಕೆ ಅಕ್ಷರ.

‘ಗ ಎಲ್ಲಿ ಬಿಟ್ಟು ಬಂದೆ?’ ಅಪ್ಪ ಕೆಣಕುವನು.
‘ಬರುವಾಗ ಹಡಗಲ್ಲಿ ವಾಂತಿಯಾಯಿತು,
ಹೋಗಿ ಹುಡುಕು’ ಎನ್ನುವಳು,
ಮೀನಿನ ಹೊಟ್ಟೆ ಸೀಳುತ್ತ, ತಲೆ ಎತ್ತದೆ.

ಚಿಕ್ಕಮ್ಮ ಮಾರ್ಯುನ್‌ಳ ಕಾಗದ ಬಂದರೆ
ಅಮ್ಮನ ಕೈಗೆ ಉಪ್ಪು; ಓದುವವನು ಅಪ್ಪ.
ಅರ್ಥ ಮುಕ್ಕಾಲು ಗೊತ್ತು, ಉಚ್ಚಾರ ಪೂರ್ತಿ ತನ್ನದೇ.
ಕುರಿಯ ಸುದ್ದಿ, ಮಂಜಿನ ಸುದ್ದಿ, ಯಾರದೋ ಮದುವೆ.
ಅಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುವಳು:
‘ನನ್ನ ತಂಗಿಯೇ ಹೌದು,
ನಿನ್ನ ಬೂಟು ಹಾಕಿಕೊಂಡು ನಡೆಯುತ್ತಿದ್ದಾಳೆ.’

ಶಾಲೆಯಲ್ಲಿ ಆಲ್ಫ್‌ಹೇದುರ್ ಟೀಚರು
ಕೋಲಿನಿಂದ ಮೇಜು ತಟ್ಟಿ ವಿಭಕ್ತಿ ಹೇಳಿಸುವರು:
ದಾಗುರ್, ದಾಗ್, ದೇಯಿ, ದಾಖ್ಸ್.
ಮೂರನೆಯದು ಪಡೆಯುವವರ ವಿಭಕ್ತಿ, ಮಕ್ಕಳೇ.
ನಾನು ಅಲ್ಲೇ ತಡೆದು ನಿಂತೆ.
ದೇಯಿ.
ಬರವಣಿಗೆಯಲ್ಲಿ ಗ ಇದೆ, ಬಾಯಲ್ಲಿ ಇಲ್ಲ.
ಮನೆಗೆ ಓಡಿ ಬಂದು ಇಬ್ಬರಿಂದಲೂ ಹೇಳಿಸಿದೆ,
ಅಪ್ಪ ಕೊಟ್ಟಿಗೆಯಲ್ಲಿ, ಅಮ್ಮ ಒಲೆಯ ಮುಂದೆ.
ದೇಯಿ ಎಂದ. ದೇಯಿ ಎಂದಳು.
ಅಪ್ಪನ ಗ ಕೂಡ ಕರಗಿತ್ತು,
ದಿನವನ್ನು ಬರೀ ಹೆಸರಿಸದೆ
ಅದರ ಕೈಗೆ ಏನಾದರೂ ಕೊಡುವಾಗ.
ಇದನ್ನು ಊಟದ ಹೊತ್ತಿಗೆ ಹೇಳಿದೆ.
ಆಲೂಗಡ್ಡೆ ಸಾಕೇ ಎಂದು ಕೇಳಿದರು.

ನಮ್ಮ ಕೊಲ್ಲಿಯಲ್ಲಿ ಅಕ್ಟೋಬರಿನಲ್ಲಿ ಸೂರ್ಯನನ್ನು
ಬೆಟ್ಟ ಎತ್ತಿಡುತ್ತದೆ. ಫೆಬ್ರವರಿಯಲ್ಲಿ ವಾಪಸು.
ಮೊದಲ ಬಿಸಿಲು ಕಿಟಕಿಯ ಅಂಚಿಗೆ ನಾಲ್ಕು ನಿಮಿಷ
ಬಂದು ಹೋಗುವ ಆ ದಿನ
ಮನೆಮನೆಯಲ್ಲೂ ದೋಸೆಯಷ್ಟು ತೆಳ್ಳಗಿನ ಪ್ಯಾನ್‌ಕೇಕು,
ಬಿಸಿಲಿನ ಕಾಫಿ ಅಂತಲೇ ಅದಕ್ಕೆ ಹೆಸರು.

ಅಪ್ಪ ತೀರಿಕೊಂಡದ್ದು ಜನವರಿ ಹತ್ತೊಂಬತ್ತು.
ಕ್ಯಾಲೆಂಡರು ಅಲ್ಲೇ ನಿಂತಿತು. ನಾನು ಮುಟ್ಟಲಿಲ್ಲ,
ಅದು ನನ್ನ ಕೆಲಸವಲ್ಲ.
ಅಮ್ಮನೂ ಅದರ ಮುಂದೆ ಹಾದು ಹೋಗುವಳು,
ಪರಿಚಯವಿಲ್ಲದ ಮನೆಯ ಬಾಗಿಲನ್ನು ದಾಟುವ ಹಾಗೆ.

ಬಿಸಿಲು ಬಂದ ಬೆಳಿಗ್ಗೆ ಹಿಟ್ಟು ಕಲಸುತ್ತಿದ್ದವಳು
ಕೈ ಒರೆಸಿಕೊಂಡು ಗೋಡೆಯ ಹತ್ತಿರ ಹೋದಳು.
ಒಂದೊಂದಾಗಿ ಅಲ್ಲ, ಎಲ್ಲ ಸೇರಿಸಿ
ಒಂದೇ ಸೆಳೆತಕ್ಕೆ ಹರಿದಳು.
ಕಿಟಕಿಯ ಕಡೆ ತಿರುಗಿ
ದಾಗುರ್ ಎಂದಳು.
ಗ ಸರಿಯಾಗಿ ಬರಲಿಲ್ಲ,
ಮೀನಿನ ಮುಳ್ಳು ಸಿಕ್ಕಂತೆ ಕೆಮ್ಮು ಬಂತು.
ಮತ್ತೊಮ್ಮೆ ಹೇಳಿದಳು. ಮತ್ತೂ ಕೆಟ್ಟದಾಗಿ ಬಂತು.

ನನಗೆ ಬಾಯಿಗೆ ಬಂದದ್ದು ಅವಳದು: ದೇಅವುರ್.
ಅವಳು ನನ್ನನ್ನು ನೋಡಿದಳು, ಬಿಸಿಲನ್ನು ನೋಡಿದಳು,
ಹಾಳೆಗಳ ಕಟ್ಟನ್ನು ಸಕ್ಕರೆ ಡಬ್ಬಿಯಡಿ ಒತ್ತಿ ಇಟ್ಟಳು.
‘ಬೇಸಿಗೆವರೆಗೂ ಪಟ್ಟಿಗೆ ಸಾಕು,’ ಅಂದಳು.
‘ನೋಡು, ಹೆಂಚು ಸೀಯುತ್ತಿದೆ.’