ಕೊಸರು

ಪರ್ಗುವಾದಿಂದ ಚಕಾವೊ ದಡಕ್ಕೆ ಅರ್ಧ ಗಂಟೆ.
ಲಾರಿ, ಬಸ್ಸು, ಕಾರುಗಳನ್ನು ಹಾಗೇ ಹೊಟ್ಟೆಗಿಳಿಸಿಕೊಂಡು
ಹಡಗು ನಿಧಾನಕ್ಕೆ ಸಾಗುತ್ತದೆ.
ಅಲೆ ಜೋರಿದ್ದರೆ ನಲವತ್ತು ನಿಮಿಷ;
ಆ ಹತ್ತು ನಿಮಿಷ ನನ್ನ ಪಾಲಿನ ಲಾಭ.

ಹತ್ತೊಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಬೇಳೆ ಬೇಯಿಸಿದವಳು,
ರುಪೆರ್ತಾ ಓಯಾರ್ಸೂನ್.
ಈಗ ನಾನೇ ಬರೆದು, ನಾನೇ ಅಚ್ಚುಹಾಕಿಸಿ,
ನಾನೇ ಹೊತ್ತು ಮಾರುತ್ತೇನೆ.
ಗಾಜಿನ ಮೇಲೆ ಬೆರಳಗೆಣ್ಣು ತಟ್ಟಿದರೆ
ಗಾಜು ಎರಡು ಬೆರಳಷ್ಟು ಇಳಿಯುತ್ತದೆ.
"ಎಂಪನಾಡಾನಾ?"
"ಅಲ್ಲ, ಕಥೆ."
ಗಾಜು ಏರುತ್ತದೆ.

"ನಿನ್ನ ಪುಸ್ತಕದಿಂದ ಹಬೆ ಏಳುವುದಿಲ್ಲವಲ್ಲ,
ಅದೇ ತೊಂದರೆ," ಅನ್ನುತ್ತಾಳೆ ಮಿರೇಯಾ,
ಬುಟ್ಟಿಯ ಬಟ್ಟೆ ಸರಿಸುತ್ತ.

ಬೋಣಿ ಆಗುವುದು ಯಾವತ್ತೂ ಏಪ್ರನ್ನಿನಿಂದಲೇ.
ಅದರ ಎದೆಯ ಮೇಲೆ ನನ್ನದೊಂದು ಸಾಲು ಹೊಲಿದಿದ್ದೇನೆ:
'ಉಪ್ಪು ಸಾಲದಿದ್ದರೆ ಎದ್ದು ಹೋಗಿ,
ಕಡಲು ಹೊರಗೇ ಇದೆ.'
ನಗುತ್ತಾರೆ, ಕೊಳ್ಳುತ್ತಾರೆ,
ಸಾಲು ಯಾರದೆಂದು ಕೇಳುವುದಿಲ್ಲ.
ಫ್ರಿಜ್ಜಿಗೆ ಅಂಟಿಸುವ ಆಲೂಗಡ್ಡೆ ಮ್ಯಾಗ್ನೆಟ್ಟೂ ಇದೆ,
ಅದರ ಮೇಲೂ ಅದೇ ಸಾಲು, ಚಿಕ್ಕ ಅಕ್ಷರದಲ್ಲಿ.
ದುಡ್ಡು ಕೊಟ್ಟ ಮೇಲೆ "ಯಾಪಾ, ಯಾಪಾ" ಎಂದು ಕೈಚಾಚುತ್ತಾರೆ.
ಕೊಸರು ಕೊಡದೆ ಈ ನೀರಿನ ಮೇಲೆ ವ್ಯಾಪಾರವಿಲ್ಲ.

ಕೊಸರಿಗೇನೂ ಬರವಿಲ್ಲ ನನ್ನಲ್ಲಿ.
ಇನ್ನೂರು ಪ್ರತಿಗಳಲ್ಲಿ ನಲವತ್ತಕ್ಕೆ
ಹದಿನೇಳರಿಂದ ಮೂವತ್ತೆರಡರ ತನಕ ಪುಟಗಳೇ ಇಲ್ಲ.
"ಇರುವ ಪುಟಗಳು ಚೆನ್ನಾಗಿ ಬಂದಿವೆಯಲ್ಲ, ಸೆನ್ಯೋರಾ,"
ಎಂದ ಮುದ್ರಣದವ. ದುಡ್ಡು ವಾಪಸು ಕೊಡಲಿಲ್ಲ.
ಮೀನು ಸೀಳುವ ಚಾಕುವಿನಿಂದ ಅವುಗಳ ಬೆನ್ನು ಬಿಡಿಸಿ
ಏಪ್ರನ್ನಿಗೊಂದು ಹಾಳೆ, ಮ್ಯಾಗ್ನೆಟ್ಟಿಗೊಂದು ಹಾಳೆ,
ಕೈಗೆ ಸಿಕ್ಕಿದ್ದು.

ಪಕ್ಕದಲ್ಲೇ ಸೇತುವೆಯ ಕಂಬಗಳು ಏಳುತ್ತಿವೆ.
ಮುಗಿದರೆ ಮೂರೇ ನಿಮಿಷಕ್ಕೆ ದಾಟಬಹುದಂತೆ.
ಮೂರು ನಿಮಿಷಕ್ಕೆ ಯಾರ ಗಾಜೂ ಇಳಿಯುವುದಿಲ್ಲ.
ನಾನು ಆ ಕಡೆ ನೋಡುವುದಿಲ್ಲ.

ಮೊನ್ನೆ ಸಾಲ್ಮನ್ ಲಾರಿಯ ಹೆರಿಬೆರ್ತೊ ಮನ್ಸಿಯಾ
ತಟ್ಟುವ ಮೊದಲೇ ಗಾಜು ಇಳಿಸಿದ.
ವಾರಕ್ಕೆರಡು ಮ್ಯಾಗ್ನೆಟ್ ಕೊಳ್ಳುವವ;
ಅವನ ಫ್ರಿಜ್ಜಿನ ತುಂಬ ಆಲೂಗಡ್ಡೆ ಇರಬೇಕು ಎಂದುಕೊಂಡಿದ್ದೆ.
ಸೀಟಿನಡಿಯಿಂದ ತೆಗೆದ:
ಮೀನಿನ ಪೆಟ್ಟಿಗೆಯ ರಟ್ಟಿನ ಹೊದಿಕೆ, ನಾಲ್ಕು ಪಿನ್ನು,
ನಡುವೆ ನನ್ನ ಹಾಳೆಗಳು, ಸಿಕ್ಕಿದ ಕ್ರಮದಲ್ಲಿ.

ನನ್ನ ಪುಸ್ತಕದಲ್ಲಿ ಗಂಡ ಮುಳುಗುವುದು
ತೊಂಬತ್ತಾರನೆಯ ಪುಟದಲ್ಲಿ.
ಇವನದರಲ್ಲಿ ಮೂರನೆಯ ಹಾಳೆಗೇ ಮುಳುಗಿಬಿಟ್ಟು
ಉಳಿದ ಹಾಳೆಗಳಲ್ಲೆಲ್ಲ
ಮನೆಗೆ ಬರುತ್ತಲೇ ಇರುತ್ತಾನೆ:
ಆಲೂಗಡ್ಡೆ ಮೂಟೆ ಹೊತ್ತು, ಒದ್ದೆ ಬೂಟು ಬಾಗಿಲಲ್ಲಿ ಬಿಟ್ಟು,
ಒಮ್ಮೆ ಮದುಮಗನಾಗಿ.
ಕೊನೆಯ ಹಾಳೆಯಲ್ಲಿ ಒಬ್ಬ ಹುಡುಗಿ
ದಡದಲ್ಲಿ ಕಡಲಪಾಚಿ ಆರಿಸುತ್ತಾಳೆ.
ಇನ್ನೂ ಯಾರೂ ಹೋಗಿಲ್ಲ.

"ತಪ್ಪು ಜೋಡಿಸಿದ್ದೀರಿ," ಎಂದೆ.
ದನಿ ಅಡುಗೆಮನೆಯ ದನಿಯೇ ಆಗಿತ್ತು.
"ನೀವು ಕೊಟ್ಟ ಹಾಗೇ ಜೋಡಿಸಿದ್ದೇನೆ."
"ಸರಿಯಾದದ್ದು ಅರ್ಧ ಬೆಲೆಗೆ ಕೊಡುತ್ತೇನೆ."
"ಬೇಡ. ಅದರಲ್ಲಿ ಅವನು ಸಾಯುತ್ತಾನೇನೋ."

ಇಂಜಿನ್ನುಗಳೆಲ್ಲ ಸುಮ್ಮನಿದ್ದವು. ಲಾರಿಯಿಂದ ಐಸು ತೊಟ್ಟಿಕ್ಕುತ್ತಿತ್ತು.
"ಎಷ್ಟಕ್ಕೆ ಕೊಡುತ್ತೀರಿ?" ಎಂದು ಕೇಳಿದ್ದು ನಾನು.
"ನಾಲ್ಕು ಸಾವಿರ." ನನ್ನದೇ ಬೆಲೆ.
"ಬಿಡಿ ಹಾಳೆ, ಅದರ ಮೇಲೆ ಮೀನಿನ ವಾಸನೆ. ಮೂರು."
"ವಾಸನೆ ಸೇರಿಯೇ ನಾಲ್ಕು."
ಏಪ್ರನ್ನಿನ ದುಡ್ಡಿನಲ್ಲಿ ಎಣಿಸಿ ಕೊಟ್ಟೆ,
ಕೊಟ್ಟ ಕೈ ಹಿಂದೆ ತೆಗೆಯಲಿಲ್ಲ.
"ಯಾಪಾ?"

ತಲೆಯ ಮೇಲಿನ ಬಿಸಿಲುಪಟ್ಟಿಯಿಂದ ಒಂದು ಹಾಳೆ ಎಳೆದ.
"ಇದೊಂದು ಕಥೆಯಲ್ಲಿ ಎಲ್ಲೂ ಕೂರಲಿಲ್ಲ.
ಇಟ್ಟುಕೊಳ್ಳಿ."
ಅದರಲ್ಲಿ ನನ್ನ ಹೆಸರಿತ್ತು,
ಕೆಳಗೆ ಊರು, ಬೆಲೆ.

ಮುಂದಿನ ಕಬ್ಬಿಣದ ಬಾಗಿಲು ದಡಕ್ಕೆ ಬಿತ್ತು. ಲಾರಿಗಳು ಕೆಮ್ಮಿದವು.
ಮಿರೇಯಾ ಖಾಲಿ ಬುಟ್ಟಿ ತೋಳಿಗೇರಿಸಿ ಕೇಳಿದಳು,
"ಪುಸ್ತಕ ಒಂದಾದರೂ ಹೋಯಿತಾ?"
"ಇಲ್ಲ," ಎಂದೆ, "ಒಂದು ಬಂತು."