ಕಿಂಡಿ ಇರೋದು ಕೊಡ್ರಿ

ತೀನ್ ಕಂದೀಲಿನ ಹತ್ತಿರ, ಗಡಿಯಾರ ರಿಪೇರಿಯವನ ಪಕ್ಕ,
ಖದೀರ್ ಸಾಬರ ಅಂಗಡಿಯ ಗಾಜಿನೊಳಗೆ
ಹನ್ನೊಂದು ಕ್ಯಾಮೆರಾ ಮಲಗಿವೆ,
ಒಂದೊಂದೂ ಮೈಸೋಪಿನಷ್ಟು.

ನನ್ನ ಹತ್ತಿರ ಐದು ಸಾವಿರದ ಎಂಟುನೂರು.
ಏಳು ವರ್ಷದಿಂದ ಶಕ್ತಿನಗರದ ಗಾಡಿಯಲ್ಲಿ
ಮಂದಿಯ ರೊಕ್ಕ ಎಣಿಸುತ್ತಾ ಬಂದವಳು,
ನನ್ನದು ಎಣಿಸುವಾಗ ಎರಡು ಸಲ ತಪ್ಪಿದೆ.

‘ಏನ್ ತಗೀತೀರವ್ವಾ?’
ಫೋಟೋ, ಅಂದೆ.
‘ಅದು ಗೊತ್ತಾತು ಹುಸೇನಮ್ಮಾ, ಯಾವುದರದು?
ಮದುವಿ ಅಂದ್ರ ಫ್ಲ್ಯಾಶ್ ಜೋರ್ ಬೇಕು,
ಹಕ್ಕಿ ಅಂದ್ರ ಝೂಮು,
ಕೂಸು ಅಂದ್ರ ಲಗೂ ಏಳೋ ಕ್ಯಾಮೆರಾ.
ಅದು ಕಣ್ಣು ಬಿಡೋತನ ನಗು ನಿಂತಿರಂಗಿಲ್ಲ.’

ಅವರ ಮಗ ಕೆಂಪನೆಯದೊಂದನ್ನು ಎತ್ತಿ ಹಿಡಿದ,
ಸಂತೆಯಲ್ಲಿ ಹೋರಿಯ ಹಲ್ಲು ತೋರಿಸುವವನ ಹಾಗೆ:
‘ಹನ್ನೆರಡು ಮೆಗಾಪಿಕ್ಸೆಲ್!’
ಸಾಬರು ಅವನ ಕೈ ತಗ್ಗಿಸಿದರು.
‘ಹೊಲ ಅಷ್ಟೇ ಇಟ್ಟು ಬದು ಹೆಚ್ಚು ಹಾಕಿದ್ರ
ಜೋಳ ಹೆಚ್ಚು ಬೆಳೀತಾವೇನಲೇ?
ಡಿಜಿಟಲ್ ಝೂಮ್ ಅಂದ್ರ ಸಾರಿಗೆ ನೀರು ಹೊಯ್ದಂಗ.
ಹುಸೇನಮ್ಮಗ ಅದನ್ನ ಹೇಳಬ್ಯಾಡ.’

ಯಾವುದರದು ಎಂದು ನಾನಿನ್ನೂ ಹೇಳಿರಲಿಲ್ಲ.
ಹೇಳಿದರೆ ನಗುತ್ತಾರೇನೋ.
ನಸುಕಿನ ಮೊದಲ ಟ್ರಿಪ್ಪು ವಾಪಸ್ ಬರುವಾಗ
ರಾತ್ರಿಪಾಳಿ ಮುಗಿಸಿದವರು ಹತ್ತುತ್ತಾರೆ,
ಹುಬ್ಬಿನ ಮೇಲೆ ಬೂದಿ.
ಕಂಬಿಗೆ ಆತುಕೊಂಡು ನಿಂತೇ ನಿದ್ದೆ.
‘ಟಿಕೆಟ್’ ಅಂದರೆ ಕಣ್ಣು ತೆರೆಯುವುದಿಲ್ಲ,
ಅಂಗೈ ಮಾತ್ರ ತೆರೆಯುತ್ತದೆ,
ಅದರಲ್ಲಿ ಬೆವೆತ ಹತ್ತರ ನೋಟು.

ಕತ್ತಲಾಗ ಬರತದೇನ್ರಿ, ಎಂದು ಕೇಳಿದೆ.

ಸಾಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.
‘ಈ ರೊಕ್ಕಕ್ಕ ಬೆಳಕು ಬರತದವ್ವ,
ಕತ್ತಲಿ ಬರಂಗಿಲ್ಲ.
ಕತ್ತಲಿ ಬೇಕಂದ್ರ ಮೂವತ್ತು ಸಾವಿರ.
ಇದರಾಗ ತಗದ್ರ ಮಾರಿ ತುಂಬ ರವಾ ಬೀಳತಾವ.’

ಮೂವತ್ತು ಸಾವಿರದ ಕತ್ತಲಿ.
ನಮ್ಮ ಓಣಿಯಲ್ಲಿ ಪುಕ್ಕಟೆ ಸಿಗುತ್ತದೆ,
ವಾರಕ್ಕೆ ಮೂರು ರಾತ್ರಿ,
ಕರೆಂಟು ಹುಟ್ಟುವ ಊರಿನ ಬಗಲಲ್ಲೇ.

ಒಂದೊಂದಾಗಿ ಹೊರಗೆ ಒಯ್ದು ನೋಡಿದೆ.
ರಾಯಚೂರಿನ ಎಪ್ರಿಲ್, ಹನ್ನೆರಡೂವರೆ.
ಬಿಸಿಲಿಗೆ ಪರದೆಯಲ್ಲಿ ಏನೂ ಇಲ್ಲ,
ನನ್ನ ಮೂಗುತಿ ಬಿಟ್ಟರೆ.
ಮೂಲೆಯ ಹಳೆಯದೊಂದಕ್ಕೆ ಮಾತ್ರ
ನೆತ್ತಿಯ ಹತ್ತಿರ ಸಣ್ಣ ಕಿಂಡಿ,
ಬಾಗಿಲ ಸಂದಿಯಿಂದ ನೆಂಟರನ್ನು ನೋಡುವಂಥದ್ದು.
ಅದಕ್ಕೆ ಕಣ್ಣಿಟ್ಟೆ. ಬಾಳೆಹಣ್ಣಿನ ಬಂಡಿ,
ಬಂಡಿಯ ನೆರಳಲ್ಲಿ ಒಂಟಿ ಚಪ್ಪಲಿ,
ಎಲ್ಲವೂ ಇತ್ತು.

ಕಿಂಡಿ ಇರೋದು ಕೊಡ್ರಿ.

‘ಎಂಟೇ ಮೆಗಾಪಿಕ್ಸೆಲ್,’ ಎಂದ ಮಗ, ಬೇಸರದಿಂದ.
‘ಪೆನ್ಸಿಲ್ ಸೆಲ್ಲು ನುಂಗತದ, ಆದ್ರ ಎಲ್ಲಿ ಬೇಕಾದ್ರೂ ಸಿಗತಾವ,
ಪಾನ್ ಡಬ್ಬ್ಯಾಗೂ,’ ಎಂದರು ಸಾಬರು.
‘ಕಿಂಡ್ಯಾಗ ಕಂಡದ್ದು ಒಂದು, ಫೋಟೋದಾಗ ಬರೋದು ಒಂದು,
ಎರಡು ಬೆರಳು ಫರಕ್ ಇರತದ. ನೆಪ್ಪಿರಲಿ.’

ಐದು ಸಾವಿರದ ಎರಡುನೂರು. ಕಾರ್ಡಿಗೆ ನಾನೂರೈವತ್ತು.
ಚೀಲ ಬ್ಯಾಡ್ರಿ ಅಂದೆ.
ಮಗನ ಶಾಲೆಯ ಕಾಲುಚೀಲದಲ್ಲಿ ಹಾಕಿ
ಚಿಲ್ಲರೆಯಿಂದ ದೂರ, ಟ್ರಿಪ್ ಶೀಟಿನ ಕಡೆ ಇಟ್ಟೆ.

ಮರುದಿನ ದೇವಸೂಗೂರು ದಾಟಿದ ಮೇಲೆ
ಮೌಲಪ್ಪ ಗೇರು ಇಳಿಸುವ ತನಕ ಕಾದೆ.
ಫ್ಲ್ಯಾಶ್ ಬಂದ್ ಮಾಡಿದ್ದೆ,
ದಣಿದವರ ಮುಖಕ್ಕೆ ಮಿಂಚು ಹೊಡೆಯಬಾರದು.
ಕಂಬಿಯ ಹತ್ತಿರದವನ ಮೇಲೆ ಕಿಂಡಿ ಇಟ್ಟು ಒತ್ತಿದೆ.

ಮುಖ ಅಂಚಿಗೆ ಸರಿದಿತ್ತು, ಅಂಗೈ ಅರ್ಧ.
ಉಳಿದದ್ದೆಲ್ಲ ರವಾ.
ಯಾವುದು ಕ್ಯಾಮೆರಾದ್ದು, ಯಾವುದು ಅವನ ಹುಬ್ಬಿನದು,
ನನಗೆ ತಿಳಿಯಲಿಲ್ಲ.

ಟಿಕ್ ಸದ್ದಿಗೆ ಒಂದು ಕಣ್ಣು ತೆರೆದ.
ಕೇಳದೆ ತಗದೆ, ಬ್ಯಾಡಂದ್ರ ಅಳಿಸ್ತೀನಿ, ಎಂದು ತೋರಿಸಿದೆ.
ಹೆಬ್ಬೆರಳಿಂದ ಪರದೆ ಒರೆಸಿದ. ಮತ್ತೆ ಒರೆಸಿದ.
‘ಇರಲಿ ಬಿಡಕ್ಕ,’ ಅಂದ,
ಟಿಕೆಟ್ಟಿನ ಬೆನ್ನು ತಿರುಗಿಸಿ,
‘ನಂದು ಎರಡು ರೂಪಾಯಿ ಬಾಕಿ ಅದ.’