ನಾಯಕಿಯ ತೂಕ

ಜೂನ್ ಹದಿನೇಳು. ಬೋಟುಗಳೆಲ್ಲ ಬಂದರಿನಲ್ಲಿ
ಮೈಗೆ ಮೈ ತಾಗಿಸಿ ನಿಂತ ರಜೆ.
ಮಲ್ಪೆಯ ಹಳೇ ಐಸ್ ಪ್ಲಾಂಟಿನಲ್ಲಿ
ಸಂಗೀತ ನಾಟಕ, ಟಿಕೇಟಿಗೆ ನೂರೈವತ್ತು.
ನನ್ನ ಬಳಿ ಎರಡು. ಬರುತ್ತೇನೆ ಅಂದಿದ್ದವನು
ಐದೂವರೆಗೆ ಫೋನು ಮಾಡಿ ತಲೆನೋವು ಅಂದ.
ಯಾವ ಮಾತ್ರೆ ತಗೊಂಡೆ ಅಂತ ನಾನೂ ಕೇಳಲಿಲ್ಲ.

ಬಾಗಿಲಲ್ಲಿ ಸಿಕ್ಕಿದಳು ಜಲಜಕ್ಕ.
ಸೊಸೈಟಿಯಲ್ಲಿ ಪ್ರತಿ ಶನಿವಾರ
ಅವಳ ಸಾಲದ ಕಂತು ಬರೆದುಕೊಳ್ಳುವವಳು ನಾನು.
"ಎಂತ, ಪ್ಲಾಂಟು ಸುರು ಆಯ್ತಾ?"
"ನಾಟಕ. ಬರ್ತೀರಾ? ಟಿಕೇಟು ಉಂಟು."
"ಆಟವಾ?" "ಅಲ್ಲ." "ಮತ್ತೆ?"
ಮತ್ತೆ ಎಂತ ಅಂತ ನನಗೂ ಗೊತ್ತಿರಲಿಲ್ಲ.
ಮೀನಿನ ಖಾಲಿ ಬೇಸಿನ್ ಕಂಕುಳಲ್ಲಿಟ್ಟುಕೊಂಡೇ ಬಂದಳು.

ಒಳಗೆ ಅಮೋನಿಯಾದ ಹಳೆಯ ಘಾಟು.
ಕೂರಲಿಕ್ಕೆ ಮೀನಿನ ಕ್ರೇಟು, ಮೇಲೊಂದು ಗೋಣಿ.
ಗಂಬೂಟು ತೊಟ್ಟ ಏಳು ಜನ ಹಾಡುವವರು,
ಒಂದು ಪಿಟೀಲು,
ನಡುವೆ ಕಬ್ಬಿಣದ ಮಂಚದ ಮೇಲೆ, ಎರಡು ದೊಡ್ಡ ದೀಪದ ಕೆಳಗೆ
ಒಂದು ಮಂಜುಗಡ್ಡೆ.

ಅವಳೇ ನಾಯಕಿ, ಅಂದರು ನಿರ್ದೇಶಕಿ ಐರಿನ್ ಕ್ಯಾಸ್ತಲಿನೊ.
ಇವಳು ಕರಗಿ ಮುಗಿದಾಗ ನಾಟಕ ಮುಗಿಯುತ್ತದೆ.
ಮಂಚದಡಿಯ ತಗಡಿಗೆ ಬೀಳುವ ಹನಿಯೇ ನಮ್ಮ ತಾಳ.

"ಆರು ಕಿಲೋದ ಮೇಲಿಲ್ಲ," ಜಲಜಕ್ಕ ನನ್ನ ಕಿವಿಯಲ್ಲಿ,
"ಮಧ್ಯಾಹ್ನದಿಂದ ಹೊರಗಿಟ್ಟಿದ್ದಾರೆ, ಅಂಚು ನೋಡು."
ಐಸ್ ಪ್ಲಾಂಟಿಗೆ ಐಸು ಹೊರಗಿನಿಂದ ತಂದದ್ದು
ಅವಳಿಗೆ ಬಣ್ಣದಲ್ಲೇ ಗೊತ್ತಾಯಿತು.

ಟಣ್ಣ್, ಹನಿ. ಟಣ್ಣ್. ಅವರು ಹಾಡಿದರು:
ಸಮುದ್ರಕ್ಕೆ ಮದುವೆಯಾಗಿ ಹೊರಟ ಹುಡುಗಿ,
ಹತ್ತು ದಿನದ ದಾರಿ, ತೊಡೆಯ ಮೇಲೆ
ತನ್ನವಲ್ಲದ ಬಂಗುಡೆ ಮಕ್ಕಳು.
ಬೂಟು ಕುಟ್ಟಿದರು, ಕ್ರೇಟು ಬಡಿದರು,
ಹನಿ ಜೋರಾಯಿತು, ಹಾಡು ಓಡಿತು.
ನನ್ನ ಪಕ್ಕದಲ್ಲಿ ಗೋಣಿ ಕಿರುಗುಟ್ಟುತ್ತಿತ್ತು,
ಕೂರಲಾಗದೆ ಅತ್ತಿತ್ತ ಒಬ್ಬ ಹೆಂಗಸು.
ನಲವತ್ತು ವರ್ಷ ಐಸಿಗೆ ದುಡ್ಡು ಕೊಟ್ಟವಳು.

ಮೂರನೇ ಹಾಡಿಗೆ ಎದ್ದೇಬಿಟ್ಟಳು.
"ಲೈಟು ತೆಗೀರಿ ಮಾರಾಯ್ರೆ! ಹೀಗೂ ಹಾಳು ಮಾಡುವುದುಂಟಾ?"
ಕೂತಿದ್ದ ಗೋಣಿ ಕೊಡವಿ
ಮಂಚದ ಹತ್ತಿರ ಹೋಗಿ
ಮೂಲೆ ಮೂಲೆ ಒತ್ತಿ ಹೊದೆಸಿದಳು,
ಎರಡು ಸುತ್ತು,
ಜ್ವರ ಬಂದವರಿಗೆ ಹೊದೆಸುವ ಹಾಗೆ.

ಜನ ಚಪ್ಪಾಳೆ ಹೊಡೆದರು, ಪಾತ್ರ ಅಂದುಕೊಂಡು.
ದೀಪದವನು, ಪಾಪ ಹುಡುಗ, ಹೆದರಿ ಆರಿಸಿದ.

ತಾಳ ನಿಂತಿತು.

ಏಳು ಬಾಯಿ ತೆರೆದೇ ಇದ್ದವು. ಪಿಟೀಲಿನ ಕಮಾನು
ತಂತಿಯ ಮೇಲೆ ಬೆರಳಿನಗಲ ದೂರದಲ್ಲಿ.
ಐರಿನ್ ಕೈ ಎತ್ತಿದವರು ಇಳಿಸಲಿಲ್ಲ.
ಹೊರಗೆ ಯಾವುದೋ ಬೋಟಿನ ಟಯರು
ಇನ್ನೊಂದರ ಟಯರಿಗೆ ಉಜ್ಜಿದ್ದು ಕೇಳಿಸಿತು.
ಆಮೇಲೆ,
ಟಣ್ಣ್.

ಒಬ್ಬ ಒಂದೇ ಅಕ್ಷರ ಹಾಡಿದ.
ಕಾದರು. ನಾವೂ ಕಾದೆವು.
ಟಣ್ಣ್.
ಮುಂದಿನವಳು ಮುಂದಿನ ಅಕ್ಷರ.
ಹೀಗೆ ಒಂದು ಸಾಲು ಹಾಡಲಿಕ್ಕೆ ಎಷ್ಟು ಹೊತ್ತಾಯಿತೋ,
ಹಿಂದಿನ ಸಾಲಿನವರು ಎದ್ದು ಹೋದರು, ಒಂದು ಮಗು ಮಲಗಿತು.
ನಾನು ಉಸಿರನ್ನು ಹನಿಗೆ ಕೊಟ್ಟು ಕೂತಿದ್ದೆ.
ಫೋನು ಎರಡು ಸಲ ನಡುಗಿ ಸುಮ್ಮನಾಯಿತು.

ಹನ್ನೊಂದಕ್ಕೆ ಐರಿನ್ ಕೈ ಮುಗಿದರು,
"ಕ್ಷಮಿಸಿ, ಮುಗಿಯುವ ಹಾಗೆ ಕಾಣುವುದಿಲ್ಲ."
ಉಳಿದವರು ಹದಿನಾಲ್ಕು ಜನ.
ಜಲಜಕ್ಕ ಗೋಣಿ ಬಿಡಿಸಿ ನೋಡಿದಳು,
ತೆಂಗಿನಕಾಯಿಯಷ್ಟು. "ಎಷ್ಟಕ್ಕೆ ಕೊಡ್ತೀರಿ?"
ಅವರು ನಗುತ್ತಿದ್ದರೋ ಅಳುತ್ತಿದ್ದರೋ, ಸುಮ್ಮನೆ ಕೊಟ್ಟರು.

ಬಸ್ಸು ತಪ್ಪಿತ್ತು. ಕಲ್ಮಾಡಿಯವರೆಗೆ ರಿಕ್ಷಾ.
ಅವಳ ಮಡಿಲಲ್ಲಿ ಬೇಸಿನ್, ಬೇಸಿನ್ನಿನಲ್ಲಿ ನಾಯಕಿ,
ಪ್ರತಿ ಹೊಂಡಕ್ಕೂ ಸಣ್ಣಗೆ ಸದ್ದು.
"ಎಂತ ನಾಟಕ ಅಕ್ಕ?" ಕೇಳಿದ ರಿಕ್ಷಾದವನು.
"ಪೂರಾ ನೋಡಿದರೆ ಅಲ್ವಾ ಹೇಳುವುದು," ಅಂದಳು.

ಇಳಿಯುವಾಗ ಸೀಟು ಒದ್ದೆಯಾಗಿದೆಯೆಂದು
ಹತ್ತು ರೂಪಾಯಿ ಜಾಸ್ತಿ ಕೇಳಿದ.
ನಾನೇ ಕೊಟ್ಟೆ.